ಗ್ಯಾಸಿನ ಬೆಲೆಗೆ ಮಿತಿ: ಉಳಿದ ಹಣ ಯಾರು ಕೊಟ್ಟರು?

2022ರ ಸೆಪ್ಟೆಂಬರ್ ಕೊನೆಯಲ್ಲಿ ಬ್ರಿಟನ್ನಿನ ಆಗಿನ ಪ್ರಧಾನಿ ಲಿಜ್ ಟ್ರಸ್ ಅಲ್ಲಿನ ಸ್ಥಳೀಯ ರೇಡಿಯೊಗಳಿಗೆ ಸಂದರ್ಶನ ಕೊಡುತ್ತ, ಇಂಧನಕ್ಕೆ ಜನ ಕೊಡಬೇಕಾದದ್ದು ವರ್ಷಕ್ಕೆ ಹೆಚ್ಚೆಂದರೆ 2,500 ಪೌಂಡ್ ಎಂಬ ಅರ್ಥ ಬರುವಂತೆ ಮಾತಾಡಿದರು. ಅದು ತಪ್ಪು. ಸರ್ಕಾರ ಗೊತ್ತುಮಾಡಿದ್ದು ಒಂದು ಯೂನಿಟ್ ಗ್ಯಾಸಿಗೆ, ಒಂದು ಯೂನಿಟ್ ವಿದ್ಯುತ್ತಿಗೆ ಇಷ್ಟು ಎಂಬ ದರವನ್ನೇ ಹೊರತು ಮನೆಯ ಒಟ್ಟು ಬಿಲ್ಲನ್ನಲ್ಲ. 2,500 ಎನ್ನುವುದು ಸಾಧಾರಣ ಬಳಕೆಯ ಒಂದು ಮನೆಯ ಅಂದಾಜು ಲೆಕ್ಕ. ಹೆಚ್ಚು ಉರಿಸಿದವರು ಹೆಚ್ಚು ಕಟ್ಟಲೇಬೇಕಿತ್ತು. ಪತ್ರಕರ್ತರು ಕೂಡಲೇ ತಿದ್ದಿದರು, ಪ್ರತಿಪಕ್ಷದವರು ಆಡಿಕೊಂಡರು. ಆದರೆ ದೇಶದ ಪ್ರಧಾನಿಯೇ ತಮ್ಮ ಸರ್ಕಾರದ ಅತಿ ದುಬಾರಿ ಯೋಜನೆಯನ್ನು ಹಾಗೆ ವಿವರಿಸಿದರೆಂದರೆ ಸಾಮಾನ್ಯ ಗ್ರಾಹಕರನ್ನು ದೂರುವಂತಿಲ್ಲ. ಬೆಲೆಗೆ ಮಿತಿ ಹಾಕಲಾಗಿದೆ ಎಂದರೆ ಬೆಲೆ ನಿಂತಿತು ಎಂದುಕೊಳ್ಳುವುದು ಮನುಷ್ಯ ಸಹಜ. ಬೆಲೆ ನಿಲ್ಲುವುದಿಲ್ಲ. ಅದನ್ನು ಯಾರು ತೆರಬೇಕು, ಯಾವಾಗ ತೆರಬೇಕು ಎನ್ನುವುದಷ್ಟೇ ಬದಲಾಗುತ್ತದೆ. ಬ್ರಿಟನ್ನಿನ ಅನುಭವದಲ್ಲಿ ನಮಗೆ ಕಲಿಯಲು ಏನಾದರೂ ಇದ್ದರೆ ಅದು ಆ ಮಿತಿಯ ಅಂಕಿಯಲ್ಲಿ ಇಲ್ಲ, ಅಂಕಿಗೆ ಬಂದ ದಾರಿಯನ್ನು ಅವರು ಬರೆದಿಟ್ಟಿರುವುದರಲ್ಲಿದೆ.

ಆ ದಾರಿ ಹೀಗಿದೆ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳ ಮನೆಗಳಿಗೆ ಗ್ಯಾಸು, ಕರೆಂಟು ಮಾರುವ ಖಾಸಗಿ ಕಂಪನಿಗಳು ವಿಧಿಸಬಹುದಾದ ಗರಿಷ್ಠ ದರವನ್ನು ಆಫ್‌ಜೆಮ್ ಎಂಬ ನಿಯಂತ್ರಣ ಸಂಸ್ಥೆ ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತದೆ. ಸಗಟು ಮಾರುಕಟ್ಟೆಯಲ್ಲಿ ಹಿಂದಿನ ಕೆಲವು ತಿಂಗಳು ಗ್ಯಾಸಿನ ಬೆಲೆ ಎಷ್ಟಿತ್ತು, ಕೊಳವೆ ಮತ್ತು ತಂತಿಗಳ ಜಾಲಕ್ಕೆ ಎಷ್ಟು, ಸರ್ಕಾರದ ಯೋಜನೆಗಳಿಗೆ ಎಷ್ಟು, ಕಂಪನಿಯ ಆಡಳಿತ ವೆಚ್ಚ ಎಷ್ಟು, ಲಾಭ ಎಷ್ಟು, ಎಲ್ಲಕ್ಕೂ ಸೂತ್ರವಿದೆ. 2025ರ ಅಕ್ಟೋಬರಿನಿಂದ ಡಿಸೆಂಬರ್‌ವರೆಗಿನ ಮಿತಿಯನ್ನೇ ನೋಡಿ. ಗ್ಯಾಸು ಯೂನಿಟ್ಟಿಗೆ 6.29 ಪೆನ್ಸ್, ದಿನಕ್ಕೆ ಸ್ಥಿರ ಶುಲ್ಕ 34.03 ಪೆನ್ಸ್, ವಿದ್ಯುತ್ತು ಯೂನಿಟ್ಟಿಗೆ 26.35 ಪೆನ್ಸ್, ಸ್ಥಿರ ಶುಲ್ಕ 53.68 ಪೆನ್ಸ್. ವರ್ಷಕ್ಕೆ 11,500 ಯೂನಿಟ್ ಗ್ಯಾಸು, 2,700 ಯೂನಿಟ್ ವಿದ್ಯುತ್ತು ಬಳಸುವ ಮನೆಗೆ ಇದನ್ನು ಗುಣಿಸಿ ಕೂಡಿದರೆ 1,755 ಪೌಂಡ್ ಬರುತ್ತದೆ. ಪತ್ರಿಕೆಗಳ ತಲೆಬರಹದಲ್ಲಿ ಬಂದ ಸಂಖ್ಯೆ ಅದೇ. ಹೈಸ್ಕೂಲಿನ ಹುಡುಗನೂ ಕಾಗದದ ಮೇಲೆ ತಾಳೆ ನೋಡಬಹುದಾದ ಲೆಕ್ಕ ಇದು. ಕಂಪನಿಯ ಲಾಭ ಈ ಮೊತ್ತದಲ್ಲಿ ನೂರಕ್ಕೆ ಎರಡು, ಎರಡೂವರೆಯ ಆಸುಪಾಸು ಮಾತ್ರ. ಎಂದರೆ ಈ ಮಿತಿ ಕಟ್ಟಿಹಾಕುವುದು ಮಾರಾಟಗಾರನ ಲಾಭವನ್ನು. ಮಾರುಕಟ್ಟೆಯ ಗ್ಯಾಸಿನ ಬೆಲೆಯನ್ನು ಕಟ್ಟಿಹಾಕುವ ಶಕ್ತಿ ಅದಕ್ಕಿಲ್ಲ. ಆ ಉದ್ದೇಶವೂ ಮೊದಲಿಂದ ಇರಲಿಲ್ಲ.

ಹಾಗಾದರೆ ಅದು ಹುಟ್ಟಿದ್ದಾದರೂ ಏಕೆ? 2016ರಲ್ಲಿ ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ ಎರಡು ವರ್ಷಗಳ ತನಿಖೆ ಮುಗಿಸಿ ಹೇಳಿದ್ದು ಇದು: ಆರು ದೊಡ್ಡ ಕಂಪನಿಗಳ ಗ್ರಾಹಕರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಮಂದಿ ತಾವಾಗಿ ಆರಿಸಿಕೊಳ್ಳದ ದುಬಾರಿ ದರದಲ್ಲೇ ಉಳಿದುಬಿಟ್ಟಿದ್ದಾರೆ, ಸ್ಪರ್ಧೆ ಸರಿಯಾಗಿದ್ದರೆ ಕೊಡಬೇಕಿದ್ದುದಕ್ಕಿಂತ ವರ್ಷಕ್ಕೆ ಸರಾಸರಿ 140 ಕೋಟಿ ಪೌಂಡ್ ಹೆಚ್ಚು ಕಟ್ಟುತ್ತಿದ್ದಾರೆ. ಹೊಸ ಗಿರಾಕಿಗೆ ರಿಯಾಯಿತಿ ಕೊಟ್ಟು ಕರೆಯುವುದು, ಹಳೆಯ ಗಿರಾಕಿಯಿಂದ ಸದ್ದಿಲ್ಲದೆ ವಸೂಲು ಮಾಡುವುದು ಎಂಬ ವ್ಯಾಪಾರ ನಡೆದಿತ್ತು. ಕಂಪ್ಯೂಟರ್ ಮುಂದೆ ಕೂತು ವರ್ಷವರ್ಷ ದರ ಹೋಲಿಸಲಾಗದ ವಯಸ್ಸಾದವರು, ಬಡವರು, ಬಾಡಿಗೆ ಮನೆಯವರು ಇದರಲ್ಲಿ ಸೋತರು. 2013ರಲ್ಲಿ ಲೇಬರ್ ನಾಯಕ ಎಡ್ ಮಿಲಿಬ್ಯಾಂಡ್ ಇಂಧನ ಬೆಲೆಯನ್ನು ಇಪ್ಪತ್ತು ತಿಂಗಳು ಏರದಂತೆ ನಿಲ್ಲಿಸುತ್ತೇನೆ ಎಂದಾಗ ಅದನ್ನು ಮಾರ್ಕ್ಸ್‌ವಾದಿಗಳ ಲೋಕದ ಮಾತೆಂದು ಹೀಗಳೆದಿದ್ದ ಕನ್ಸರ್ವೇಟಿವ್ ಪಕ್ಷವೇ, ಥೆರೆಸಾ ಮೇ ಕಾಲದಲ್ಲಿ, 2018ರಲ್ಲಿ ಕಾಯಿದೆ ಮಾಡಿ 2019ರ ಜನವರಿ 1ರಿಂದ ಮಿತಿ ಜಾರಿಗೆ ತಂದಿತು. ಮೊದಲ ಮಿತಿ 1,137 ಪೌಂಡ್. ತಾತ್ಕಾಲಿಕ ಎಂದು ಹೇಳಿ, 2023ರ ಕೊನೆಯ ಹೊತ್ತಿಗಾದರೂ ಮುಗಿಯಬೇಕೆಂದು ಬರೆದುಕೊಂಡಿದ್ದ ಏರ್ಪಾಡು ಅದನ್ನು ದಾಟಿಯೂ ಮುಂದುವರಿಯಿತು. ತಾತ್ಕಾಲಿಕ ಬೆಲೆ ನಿಯಂತ್ರಣಗಳ ಆಯುಸ್ಸು ಎಲ್ಲ ದೇಶಗಳಲ್ಲೂ ಒಂದೇ ತರಹ ಎಂದು ತೋರುತ್ತದೆ.

ಪರೀಕ್ಷೆ ಬಂದದ್ದು 2021ರಲ್ಲಿ. ಯುರೋಪಿನ ಚಳಿ ಎಳೆದು ಗ್ಯಾಸಿನ ದಾಸ್ತಾನು ಇಳಿದಿತ್ತು, ಏಷ್ಯಾದ ದೇಶಗಳು ದ್ರವೀಕೃತ ಅನಿಲದ ಹಡಗುಗಳನ್ನು ಹೆಚ್ಚು ಬೆಲೆ ಕೊಟ್ಟು ಸೆಳೆದುಕೊಂಡವು, ರಷ್ಯಾ ಬೇಕಾದಷ್ಟು ಕಳಿಸಲಿಲ್ಲ. ಬ್ರಿಟನ್ನಿನ ಬಹುಪಾಲು ಮನೆಗಳು ಬೆಚ್ಚಗಾಗುವುದು ಗ್ಯಾಸಿನ ಬಾಯ್ಲರಿನಿಂದ. ಅಲ್ಲಿ ವಿದ್ಯುತ್ತಿನ ಬೆಲೆಯನ್ನೂ ಹೆಚ್ಚಿನ ಹೊತ್ತು ಗ್ಯಾಸೇ ಗೊತ್ತುಮಾಡುತ್ತದೆ. ಉತ್ತರ ಸಮುದ್ರದ ಬಾವಿಗಳು ಬತ್ತುತ್ತಿದ್ದವು. ರಫ್ ಎಂಬ ದೊಡ್ಡ ಸಮುದ್ರತಳದ ಗ್ಯಾಸ್ ಸಂಗ್ರಹಾಗಾರವನ್ನು 2017ರಲ್ಲಿ ಮುಚ್ಚಿಬಿಟ್ಟಿದ್ದರು. ಆಗ ಮಿತಿ ಬದಲಾಗುತ್ತಿದ್ದುದು ಆರು ತಿಂಗಳಿಗೊಮ್ಮೆ. ಸಗಟು ಬೆಲೆ ವಾರವಾರ ಏರುತ್ತಿದ್ದರೆ ಕಂಪನಿಗಳು ಹಳೆಯ ದರದಲ್ಲೇ ಮಾರಬೇಕಿತ್ತು. ಮುಂಗಡ ಖರೀದಿ ಮಾಡಿಕೊಳ್ಳದೆ ಅಂದಂದಿನ ಗ್ಯಾಸನ್ನು ಅಂದಂದೇ ಕೊಳ್ಳುತ್ತಿದ್ದ ಸಣ್ಣ ಕಂಪನಿಗಳು ಸಾಲಾಗಿ ಮುಳುಗಿದವು. ಹದಿನೈದು ಲಕ್ಷಕ್ಕೂ ಹೆಚ್ಚು ಗ್ರಾಹಕರಿದ್ದ ಬಲ್ಬ್ ಎಂಬ ಕಂಪನಿಯೂ ಸೇರಿ ಸುಮಾರು 30 ಕಂಪನಿಗಳು ಹೋದವು. ಬಲ್ಬ್ ಬಿಟ್ಟು ಉಳಿದವುಗಳ ಪತನಕ್ಕೆ 270 ಕೋಟಿ ಪೌಂಡ್, ಅಂದರೆ ಪ್ರತಿ ಗ್ರಾಹಕನಿಗೆ 94 ಪೌಂಡ್ ವೆಚ್ಚವಾಗಬಹುದೆಂದು ಅಲ್ಲಿನ ರಾಷ್ಟ್ರೀಯ ಲೆಕ್ಕ ಪರಿಶೋಧನಾ ಕಚೇರಿ 2022ರಲ್ಲಿ ಅಂದಾಜು ಮಾಡಿತು. ಈ ಹಣ ಬಂದದ್ದು ಎಲ್ಲರ ಬಿಲ್ಲಿನಿಂದ, ಬಹುಮಟ್ಟಿಗೆ ಸ್ಥಿರ ಶುಲ್ಕದ ಮೂಲಕ. ಒಂದೇ ಕೋಣೆ ಬೆಚ್ಚಗಿಟ್ಟುಕೊಂಡು ಕಾಲ ಕಳೆಯುವ ಒಂಟಿ ಮುದುಕಿಯೂ ಐದು ಕೋಣೆಯ ಬಂಗಲೆಯವರಷ್ಟೇ ಶುಲ್ಕ ತೆತ್ತಳು.

ಮಿತಿಯ ವಿರೋಧಿಗಳಿಗೆ ಇದು ದೊಡ್ಡ ಸಾಕ್ಷ್ಯ. ಬೆಲೆಯನ್ನು ಮಾರುಕಟ್ಟೆಗೇ ಬಿಟ್ಟಿದ್ದರೆ ಕಂಪನಿಗಳು ಉಳಿಯುತ್ತಿದ್ದವು, ಗ್ರಾಹಕರಿಗೂ ಈ ಹೊರೆ ಬೀಳುತ್ತಿರಲಿಲ್ಲ ಎನ್ನುತ್ತಾರೆ. ವಾದದಲ್ಲಿ ಅರ್ಧ ಸತ್ಯವಿದೆ. ಆರು ತಿಂಗಳ ಅವಧಿ ತೀರ ಉದ್ದವಾಗಿತ್ತು. ಆಫ್‌ಜೆಮ್ ಕೂಡ ಒಪ್ಪಿ 2022ರಲ್ಲಿ ಅದನ್ನು ಮೂರು ತಿಂಗಳಿಗೆ ಇಳಿಸಿತು. ಆದರೆ ಮುಳುಗಿದವು ಮುಳುಗಿದ್ದು ಮಿತಿ ಒಂದರಿಂದಲೇ ಅಲ್ಲ. ಅದೇ ಮಿತಿಯ ಅಡಿಯಲ್ಲಿ, ಮುಂಗಡ ಖರೀದಿ ಮಾಡಿಟ್ಟುಕೊಂಡಿದ್ದ ಕಂಪನಿಗಳು ನಿಂತವು. ಕೈಯಲ್ಲಿ ಬಂಡವಾಳವಿಲ್ಲದವರಿಗೂ ಪರವಾನಗಿ ಹಂಚಿ, ಸ್ಪರ್ಧೆ ಹೆಚ್ಚಿತೆಂದು ಹಿಗ್ಗಿದ್ದ ನಿಯಂತ್ರಕರ ತಪ್ಪು ಇದರಲ್ಲಿ ದೊಡ್ಡದು. ಇನ್ನು ಮಿತಿಯೇ ಇಲ್ಲದ ಮಾರುಕಟ್ಟೆ ಹಳೆಯ ಗಿರಾಕಿಯನ್ನು ಹೇಗೆ ನಡೆಸಿಕೊಂಡಿತೆಂಬುದಕ್ಕೆ 2016ರ ವರದಿಯೇ ಇದೆ.

2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿಹೋದ ಮೇಲೆ ಸೂತ್ರ ತನ್ನ ಕೆಲಸ ಮಾಡಿತು, ನಿರ್ದಯವಾಗಿ. ಏಪ್ರಿಲ್‌ನಲ್ಲಿ 1,971 ಪೌಂಡ್ ಇದ್ದ ಮಿತಿ ಅಕ್ಟೋಬರಿಗೆ 3,549 ಎಂದು ಆಗಸ್ಟ್ ಕೊನೆಯಲ್ಲಿ ಪ್ರಕಟವಾಯಿತು. 2023ರ ಜನವರಿಗೆ 4,279. ನಾಲ್ಕು ವರ್ಷದ ಹಿಂದಿನ ಮೊದಲ ಮಿತಿಯ ಹೆಚ್ಚುಕಡಿಮೆ ನಾಲ್ಕರಷ್ಟು. ಇಷ್ಟನ್ನು ಜನರ ಮೇಲೆ ಬಿಟ್ಟು ಯಾವ ಸರ್ಕಾರವೂ ಚಳಿಗಾಲ ದಾಟಲಾರದು. ಹಾಗಾಗಿ ಬಂತು ಟ್ರಸ್ ಅವರ 2,500 ಪೌಂಡಿನ ಖಾತರಿ. ಆಫ್‌ಜೆಮ್ ಮಿತಿಗೂ ಈ ಖಾತರಿಗೂ ನಡುವಿನ ವ್ಯತ್ಯಾಸವನ್ನು ಸರ್ಕಾರ ಕಂಪನಿಗಳಿಗೆ ಬೊಕ್ಕಸದಿಂದ ತುಂಬಿಕೊಟ್ಟಿತು. ಇಲ್ಲಿ ಗಮನಿಸಬೇಕಾದ್ದು, ಎರಡು ಸಂಖ್ಯೆಗಳೂ ಅಕ್ಕಪಕ್ಕದಲ್ಲಿ ಸಾರ್ವಜನಿಕವಾಗಿದ್ದವು ಎಂಬುದು. ಗ್ಯಾಸಿನ ನಿಜ ಬೆಲೆ ಇಷ್ಟು, ನೀವು ಕೊಡುತ್ತಿರುವುದು ಇಷ್ಟು, ಮಿಕ್ಕದ್ದು ತೆರಿಗೆಯಿಂದ ಮತ್ತು ಸಾಲದಿಂದ. ಆ ಸಾಲ ದೊಡ್ಡದೇ. ಆದರೆ ಅದರ ಬಗ್ಗೆ ಸಂಸತ್ತಿನಲ್ಲಿ ಚರ್ಚೆಯಾಯಿತು, ತೈಲ ಮತ್ತು ಅನಿಲ ತೆಗೆಯುವವರ ಅತಿಲಾಭದ ಮೇಲೆ ಹಾಕಿದ ಹೆಚ್ಚುವರಿ ತೆರಿಗೆ ಸಾಕೇ ಎಂದು ಜಗಳವಾಯಿತು, ಎರಡು ವರ್ಷ ಎಂದಿದ್ದ ಖಾತರಿ ಕೆಲವೇ ವಾರಗಳಲ್ಲಿ ಮೊಟಕಾಯಿತು. ಎಲ್ಲರೂ ನೋಡುವಂತಿದ್ದ ಲೆಕ್ಕವಾದ್ದರಿಂದಲೇ ಜಗಳವಾಡಲು ಸಾಧ್ಯವಾಯಿತು.

ಖಾತರಿಯಲ್ಲಿ ದೋಷವಿರಲಿಲ್ಲವೆಂದಲ್ಲ. ಯೂನಿಟ್ಟಿಗಿಷ್ಟು ಎಂದು ಎಲ್ಲರಿಗೂ ಒಂದೇ ಸಮ ಕೊಟ್ಟರೆ ಹೆಚ್ಚು ಉರಿಸಿದವರಿಗೆ ಹೆಚ್ಚು ನೆರವು ಹೋಗುತ್ತದೆ. ಜರ್ಮನಿ ಇದಕ್ಕಿಂತ ಜಾಣತನ ತೋರಿತು. 2023ರಲ್ಲಿ ಅಲ್ಲಿ ಮನೆಗಳಿಗೆ ಹಿಂದಿನ ಬಳಕೆಯ ನೂರಕ್ಕೆ 80 ಭಾಗಕ್ಕೆ ಮಾತ್ರ ಯೂನಿಟ್ಟಿಗೆ 12 ಸೆಂಟ್ ದರ. ಅದರಾಚೆ ಉರಿಸಿದ್ದಕ್ಕೆಲ್ಲ ಮಾರುಕಟ್ಟೆಯ ಬೆಲೆ. ಬದುಕಲು ಬೇಕಾದಷ್ಟಕ್ಕೆ ನೆರವೂ ಆಯಿತು, ಉಳಿಸಿದರೆ ಲಾಭ ಎಂಬ ಲೆಕ್ಕವೂ ಉಳಿಯಿತು. ಫ್ರಾನ್ಸ್ ಇನ್ನೊಂದು ದಾರಿ ಹಿಡಿಯಿತು. ಗ್ಯಾಸಿನ ದರವನ್ನು 2021ರ ಅಕ್ಟೋಬರಿನ ಮಟ್ಟದಲ್ಲೇ ನಿಲ್ಲಿಸಿತು, 2022ರಲ್ಲಿ ವಿದ್ಯುತ್ತಿನ ಏರಿಕೆಯನ್ನು ನೂರಕ್ಕೆ ನಾಲ್ಕಕ್ಕೆ ಕಟ್ಟಿಹಾಕಿತು. ಹೊರೆಯ ಒಂದು ಪಾಲು ಬಿದ್ದದ್ದು ಬಹುಪಾಲು ಸರ್ಕಾರಿ ಒಡೆತನದ ಇಡಿಎಫ್ ಕಂಪನಿಯ ಮೇಲೆ. ಅದರ ಅಣುಸ್ಥಾವರಗಳು ಕೆಟ್ಟು ಕೂತ ವರ್ಷವೂ ಅದೇ ಆಗಿ, 2022ರಲ್ಲಿ ಕಂಪನಿ 1,790 ಕೋಟಿ ಯೂರೊ ನಷ್ಟ ತೋರಿಸಿತು. ಮರುವರ್ಷ ಸರ್ಕಾರ ಅದನ್ನು ಪೂರ್ತಿ ತನ್ನ ವಶಕ್ಕೆ ತೆಗೆದುಕೊಂಡಿತು. ಈ ಫ್ರೆಂಚ್ ದಾರಿ ನಮಗೆ ಪರಿಚಿತ. ನಾವು ನಡೆದುಬಂದಿರುವುದು ಹೆಚ್ಚುಕಡಿಮೆ ಅದೇ ದಾರಿಯಲ್ಲಿ.

ನಮ್ಮ ದೇಶ ಬಳಸುವ ಅಡುಗೆ ಅನಿಲದಲ್ಲಿ ಸುಮಾರು ನೂರಕ್ಕೆ 60 ಪಾಲು ಹೊರಗಿನಿಂದ ಬರುತ್ತದೆ. ಅದರ ಬೆಲೆಗೆ ಆಧಾರ ಸೌದಿ ಅರಾಮ್ಕೊ ಪ್ರತಿ ತಿಂಗಳು ಪ್ರಕಟಿಸುವ ದರ. ಮನೆಬಳಕೆಯ 14.2 ಕಿಲೊ ಸಿಲಿಂಡರಿನ ಬೆಲೆಯನ್ನು ತೈಲ ಕಂಪನಿಗಳು ಘೋಷಿಸುತ್ತವೆ, ಆದರೆ ಎಷ್ಟು, ಯಾವಾಗ ಎನ್ನುವುದು ದೆಹಲಿಯ ಒಪ್ಪಿಗೆಯಿಲ್ಲದೆ ಆಗುವ ಮಾತಲ್ಲವೆಂದು ಎಲ್ಲರಿಗೂ ಗೊತ್ತು. ಇಲ್ಲಿಯೂ ಒಂದು ಮಿತಿ ಇದೆ ಎಂದಾಯಿತು. ಸೂತ್ರ ಮಾತ್ರ ಇಲ್ಲ. ಸೌದಿ ದರ 2023ರ ಜುಲೈಯಲ್ಲಿ ಟನ್ನಿಗೆ 385 ಡಾಲರಿಗೆ ಇಳಿದಿತ್ತು. ಆ ಹೊತ್ತಿನಲ್ಲಿ ಬೆಂಗಳೂರಿನಲ್ಲಿ ಸಿಲಿಂಡರಿಗೆ 1,105 ರೂಪಾಯಿ 50 ಪೈಸೆ, ಅಂದರೆ ಅದುವರೆಗಿನ ಗರಿಷ್ಠ. ಆಗಸ್ಟ್ ಕೊನೆಯಲ್ಲಿ 200 ರೂಪಾಯಿ ಇಳಿಯಿತು. ಅಲ್ಲಿಂದ ಸೌದಿ ದರ ಏರತೊಡಗಿತು, 2025ರ ಫೆಬ್ರವರಿಗೆ 629 ಡಾಲರಾಯಿತು. ನಮ್ಮ ಸಿಲಿಂಡರು ಈ ನಡುವೆ, 2024ರ ಮಾರ್ಚ್ 8ರಂದು, ಇನ್ನೂ 100 ರೂಪಾಯಿ ಅಗ್ಗವಾಯಿತು. ಎಂಟು ದಿನಗಳಲ್ಲಿ ಲೋಕಸಭಾ ಚುನಾವಣೆಯ ವೇಳಾಪಟ್ಟಿ ಬಂತು. ಜಗತ್ತಿನ ಬೆಲೆ ಇಳಿದಿದ್ದಾಗ ನಾವು ಹೆಚ್ಚು ಕೊಟ್ಟೆವು, ಏರಿದಾಗ ಕಡಿಮೆ ಕೊಟ್ಟೆವು. ಇದನ್ನು ಒಂದು ಪಕ್ಷದ ಮೇಲೆ ಹೊರಿಸುವಂತೆಯೂ ಇಲ್ಲ. ಸಬ್ಸಿಡಿ ಸಿಲಿಂಡರುಗಳನ್ನು ವರ್ಷಕ್ಕೆ ಒಂಬತ್ತರಿಂದ ಹನ್ನೆರಡಕ್ಕೆ ಏರಿಸಿದ್ದು 2014ರ ಜನವರಿಯಲ್ಲಿ, ಯುಪಿಎ ಸರ್ಕಾರ, ಅದೂ ಚುನಾವಣೆಯ ಹೊಸ್ತಿಲಲ್ಲೇ.

ವ್ಯತ್ಯಾಸದ ಹಣ ಎಲ್ಲಿಂದ ಬಂತು? 2020ರ ಜೂನಿನಿಂದ ಎರಡು ವರ್ಷಗಳ ನಷ್ಟಕ್ಕೆಂದು ಕೇಂದ್ರ ಸಂಪುಟ 2022ರ ಅಕ್ಟೋಬರಿನಲ್ಲಿ ಮೂರು ಸರ್ಕಾರಿ ತೈಲ ಕಂಪನಿಗಳಿಗೆ 22,000 ಕೋಟಿ ರೂಪಾಯಿ ಕೊಟ್ಟಿತು. 2024-25ರಲ್ಲಿ ಅಡುಗೆ ಅನಿಲದಿಂದಾದ ನಷ್ಟ 41,000 ಕೋಟಿಗೂ ಮೇಲೆ. ಮತ್ತೆ 2025ರ ಆಗಸ್ಟಿನಲ್ಲಿ 30,000 ಕೋಟಿಗೆ ಒಪ್ಪಿಗೆಯಾಯಿತು, ಹನ್ನೆರಡು ಕಂತುಗಳಲ್ಲಿ. ಇಂದಿನ ಸಿಲಿಂಡರಿನ ಬೆಲೆಯನ್ನು ಬೊಕ್ಕಸ ವರ್ಷಗಳ ನಂತರ, ಅದೂ ಪೂರ್ತಿಯಲ್ಲದೆ ಕೊಡುತ್ತದೆ. ಉಳಿದದ್ದಕ್ಕೆ ಒಂದು ಉತ್ತರ ಸಿದ್ಧವಾಗಿದೆ: ಕಂಪನಿಗಳು ಸರ್ಕಾರದವೇ, ಎಡ ಜೇಬಿನಿಂದ ಬಲ ಜೇಬಿಗೆ ಹಾಕಿದಂತೆ, ಅದರಲ್ಲೇನು ತಪ್ಪು? ತಪ್ಪು ಇರುವುದು ಆ ಜೇಬಿಗೆ ಹಣ ಎಲ್ಲಿಂದ ಬರುತ್ತದೆ ಎಂಬಲ್ಲಿ. ಇದೇ ಮೂರು ಕಂಪನಿಗಳು 2023-24ರಲ್ಲಿ ಒಟ್ಟು ಸುಮಾರು 81,000 ಕೋಟಿ ರೂಪಾಯಿ ನಿವ್ವಳ ಲಾಭ ಮಾಡಿದವು. ಕಚ್ಚಾ ತೈಲ ಅಗ್ಗವಾಗಿದ್ದರೂ ಆ ವರ್ಷದ ಕೊನೆಯ ತಿಂಗಳವರೆಗೆ ಪೆಟ್ರೋಲು, ಡೀಸೆಲಿನ ಬೆಲೆ ಇಳಿಯಲಿಲ್ಲ. ಇಳಿದಾಗ ಇಳಿದದ್ದು ಎರಡು ರೂಪಾಯಿ. 2022ರಲ್ಲಿ ಕಳೆದುಕೊಂಡದ್ದನ್ನು ತುಂಬಿಕೊಂಡವು ಎನ್ನಬಹುದು, ಅದು ನಿಜವೂ ಹೌದು. ಆದರೆ ದಿನವಿಡೀ ಬೈಕಿನಲ್ಲಿ ಊಟದ ಪೊಟ್ಟಣ ತಲುಪಿಸುವ ಹುಡುಗ ಪೆಟ್ರೋಲಿಗೆ ಹೆಚ್ಚು ಕೊಟ್ಟು, ತಾನು ತಲುಪಿಸುವ ಮನೆಯ ಸಿಲಿಂಡರಿಗೆ ನೆರವಾಗುತ್ತಾನೆ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ. ಹೀಗೇ ಆಗಲಿ ಎಂದು ಯಾವ ಸದನವೂ ಮತ ಹಾಕಿ ನಿರ್ಧರಿಸಿದ್ದಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಒಂದಿದೆ. ಬ್ರಿಟನ್ನಿನಂತೆ ಸೂತ್ರ ಬರೆದಿಟ್ಟು ತಿಂಗಳಿಗೋ ಮೂರು ತಿಂಗಳಿಗೋ ಬೆಲೆ ಬದಲಿಸಿದರೆ ಸೌದಿ ದರ ಏರಿದಾಗಲೆಲ್ಲ ಬಡವರ ಒಲೆ ಆರುತ್ತದೆ. ಜನ ಮತ್ತೆ ಸೌದೆಗೆ, ಹೊಗೆಗೆ ಹಿಂತಿರುಗುತ್ತಾರೆ. ಹತ್ತು ಕೋಟಿಗೂ ಹೆಚ್ಚು ಉಜ್ವಲಾ ಸಂಪರ್ಕಗಳಿರುವ ದೇಶದಲ್ಲಿ ಈ ಭಯ ಬರಿ ನೆಪವಲ್ಲ. ಆದರೆ ಸೂತ್ರವಿದ್ದರೆ ನೆರವು ಇರಬಾರದೆಂದು ಯಾರೂ ಹೇಳಿಲ್ಲ. 2022ರಲ್ಲಿ ಬ್ರಿಟನ್ ಮಾಡಿದ್ದು ಸೂತ್ರದ ಮೇಲೆ ನೆರವನ್ನು ಕೂರಿಸಿದ್ದು. ನಮ್ಮಲ್ಲಿ ಅದಕ್ಕೆ ಬೇಕಾದ ಸಲಕರಣೆ ಬ್ರಿಟನ್ನಿಗಿಂತ ಚೆನ್ನಾಗಿದೆ ಎನ್ನುವುದು ನನ್ನ ಅಭಿಪ್ರಾಯ. ಉಜ್ವಲಾ ಮನೆಗಳಿಗೆ ಸಿಲಿಂಡರಿಗೆ 300 ರೂಪಾಯಿ ನೇರವಾಗಿ ಬ್ಯಾಂಕಿನ ಖಾತೆಗೆ ಹೋಗುತ್ತದೆ. ಯಾರಿಗೆ, ಎಷ್ಟು ಎಂಬ ಲೆಕ್ಕ ಬಜೆಟ್ಟಿನಲ್ಲಿದೆ. ಜರ್ಮನಿಯವರು 2023ರಲ್ಲಿ ಮಾಡಿದ, ಇಷ್ಟು ಬಳಕೆಗೆ ಮಾತ್ರ ನೆರವು ಎಂಬ ಏರ್ಪಾಡನ್ನು ನಾವು 2012ರ ಸೆಪ್ಟೆಂಬರಿನಲ್ಲೇ ಮಾಡಿದ್ದೆವು, ವರ್ಷಕ್ಕೆ ಆರು ಸಬ್ಸಿಡಿ ಸಿಲಿಂಡರು ಎಂದು. ನಾಲ್ಕು ತಿಂಗಳಲ್ಲಿ ಆರು ಒಂಬತ್ತಾಯಿತು, ಇನ್ನೊಂದು ವರ್ಷದಲ್ಲಿ ಹನ್ನೆರಡಾಯಿತು. ಮಿತಿ ಇದ್ದೂ ಇಲ್ಲವಾಯಿತು. ಉಜ್ವಲಾ ಮನೆಯೊಂದು ಈಗಲೂ ವರ್ಷಕ್ಕೆ ಸರಾಸರಿ ನಾಲ್ಕೂವರೆ ಸಿಲಿಂಡರಿನ ಹತ್ತಿರ ಬಳಸುತ್ತದೆ. ಬೆಲೆಯನ್ನು ಎಲ್ಲರಿಗೂ ಅದುಮಿಟ್ಟಾಗ ಸಿಗುವ ಲಾಭದಲ್ಲಿ ಹನ್ನೆರಡು ಸಿಲಿಂಡರು ತರಿಸುವ ಮನೆಗೆ ಇದರ ಎರಡೂವರೆ ಪಟ್ಟಿಗಿಂತ ಹೆಚ್ಚು ಹೋಗುತ್ತದೆ. ಬಡವರ ಹೆಸರಿನಲ್ಲಿ ನಡೆಯುವ ಏರ್ಪಾಡಿನಲ್ಲಿ ಬಡವರ ಪಾಲು ಇಷ್ಟು.

ಸೂತ್ರ ಬರೆದಿಡುವುದು ನಮ್ಮ ಆಡಳಿತಕ್ಕೆ ಒಗ್ಗದ ಸಂಗತಿ ಎಂಬ ಮಾತನ್ನೂ ಒಪ್ಪುವಂತಿಲ್ಲ. ಬೆಂಗಳೂರಿನ ಹಲವು ಬಡಾವಣೆಗಳಿಗೆ ಈಗ ಕೊಳವೆಯಲ್ಲಿ ಬರುವ ಗ್ಯಾಸಿಗೆ ಇಂಥದೇ ಒಂದು ಸೂತ್ರ ಇದೆ. ಕಿರೀಟ್ ಪಾರಿಖ್ ಸಮಿತಿಯ ಸಲಹೆಯ ನಂತರ, 2023ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ದೇಶದ ಹಳೆಯ ಬಾವಿಗಳ ಅನಿಲಕ್ಕೆ ಕಚ್ಚಾ ತೈಲದ ದರದ ಹತ್ತನೇ ಒಂದು ಭಾಗ ಎಂದು ಬೆಲೆ ಕಟ್ಟಿತು. ಕೆಳಗೆ 4 ಡಾಲರು, ಮೇಲೆ 6.5 ಡಾಲರು, ಎರಡು ವರ್ಷದ ಬಳಿಕ ಮೇಲಿನ ಮಿತಿ ವರ್ಷಕ್ಕೆ ಕಾಲು ಡಾಲರಿನಂತೆ ಏರಬೇಕು. ಹಾಗೆಯೇ 2025ರ ಏಪ್ರಿಲ್‌ನಲ್ಲಿ ಅದು 6.75 ಆಯಿತು. ಇಲ್ಲಿ ಬಿಟ್ಟುಕೊಡುತ್ತಿರುವವರು ಒಎನ್‌ಜಿಸಿಯಂಥ ಉತ್ಪಾದಕರು. ಎಷ್ಟು ಬಿಟ್ಟುಕೊಡುತ್ತಿದ್ದಾರೆಂದು ಬೇಕಾದವರು ಲೆಕ್ಕ ಹಾಕಬಹುದು, ಅದು ಸರಿಯಲ್ಲವೆಂದು ವಾದಿಸಲೂಬಹುದು. ಕೊಳವೆಯ ಗ್ಯಾಸಿಗೆ ಆದದ್ದು ಸಿಲಿಂಡರಿಗೆ ಏಕಾಗದು?

ಬೆಲೆಯ ಲೆಕ್ಕ ಎಷ್ಟೇ ಚೊಕ್ಕವಾಗಿದ್ದರೂ ಹೊರಗಿನ ಗ್ಯಾಸಿಗೆ ಕಟ್ಟುಬಿದ್ದಿರುವವರೆಗೆ ಯಾವ ಮಿತಿಯೂ ನಮ್ಮನ್ನು ಕಾಯಲಾರದು ಎನ್ನುವವರಿದ್ದಾರೆ. ಬ್ರಿಟನ್ ಮನೆಗಳ ಗೋಡೆಗೆ ಹೊದಿಕೆ ಹಾಕಬೇಕು, ನಾವು ಇಂಡಕ್ಷನ್ ಒಲೆಗೆ ಹೋಗಬೇಕು ಎಂಬುದು ಅವರ ಸಲಹೆ. ಸರಿಯಾದ ಮಾತು. ಆದರೆ ಒಲೆ ಬದಲಿಸಬೇಕೇ ಎಂದು ಯೋಚಿಸುವ ಮನೆಗೆ ಗ್ಯಾಸಿನ ನಿಜ ಬೆಲೆ ಎಷ್ಟೆಂದು ಗೊತ್ತಿರಬೇಕಷ್ಟೆ. ಅದು ಈಗ ಗೊತ್ತಿರುವುದು ಹೋಟೆಲಿನವರಿಗೆ. 19 ಕಿಲೊ ತೂಕದ ವಾಣಿಜ್ಯ ಸಿಲಿಂಡರಿನ ಬೆಲೆ ಸಾಮಾನ್ಯವಾಗಿ ತಿಂಗಳ ಒಂದನೇ ತಾರೀಕು ಬದಲಾಗುತ್ತದೆ, ಮಾರುಕಟ್ಟೆ ಏರಿದರೆ ಏರುತ್ತದೆ, ಇಳಿದರೆ ಇಳಿಯುತ್ತದೆ. ದರ್ಶಿನಿಯ ಮಾಲೀಕ ಅದನ್ನು ನೋಡಿಕೊಂಡೇ ಇಡ್ಲಿಯ ಬೆಲೆ ಯೋಚಿಸುತ್ತಾನೆ. ಮನೆಯ ಸಿಲಿಂಡರಿನ ರಸೀದಿಯಲ್ಲೂ ಮೂರು ಸಾಲು ಅಚ್ಚು ಮಾಡುವುದು ಕಷ್ಟದ ಕೆಲಸವಲ್ಲ: ಈ ತಿಂಗಳ ಸೂತ್ರದಂತೆ ಬೆಲೆ ಎಷ್ಟು, ನೀವು ಕೊಟ್ಟದ್ದು ಎಷ್ಟು, ಉಳಿದದ್ದನ್ನು ತುಂಬುವವರು ಯಾರು. ಅದನ್ನು ಓದಿದ ಮೇಲೆ ಈಗಿನ ಬೆಲೆಯೇ ಇರಲಿ, ನಷ್ಟವನ್ನು ತೆರಿಗೆಯಿಂದಲೇ ತುಂಬಿ ಎಂದು ಜನ ಹೇಳಿದರೂ ಹೇಳಬಹುದು. ಹಾಗೆ ಹೇಳುವ ಹಕ್ಕು ಅವರದು, ಮೂರನೆಯ ಸಾಲಿನಲ್ಲಿ ಏನಿದೆಯೆಂದು ನೋಡಿದ ಮೇಲೆ.